ಸಿನಿಮಾದ ಹೆಸರು ಹೇಳಿಸುವ ಕೆಲಸ

ಬೆಳಿಗ್ಗೆ ಏಳೂಮುಕ್ಕಾಲಿಗೆ ಹಿರಿಯ ಗಾಯಕಿ-ನಟಿ ರೇಡಿಯೊ ಕೇಂದ್ರದಲ್ಲಿ ಮೈಕಿನ ಮುಂದೆ ಕೂತರು. ಎಂಟಕ್ಕೆ ಎದ್ದರು. ಬಂದದ್ದು ತಮ್ಮ ಹೊಸ ಹಾಸ್ಯ ಸಿನಿಮಾದ ಪ್ರಚಾರಕ್ಕೆ. ಸಿನಿಮಾದ ಹೆಸರನ್ನು ಒಂದು ಸಲವೂ ಹೇಳಲಿಲ್ಲ.

ಅದು ಹಟವಲ್ಲ, ಮರೆವೂ ಅಲ್ಲ. ಸಮಯ ಸಾಲಲಿಲ್ಲ, ಅಷ್ಟೆ. 'ಸಿನಿಮಾ ಬಗ್ಗೆ ಹೇಳಿ ಅಮ್ಮ' ಎಂದು ನಿರೂಪಕಿ ಕೇಳಿದ ಕೂಡಲೇ ಅವರು ಅದರಲ್ಲಿನ ತಮ್ಮ ಹಾಡಿಗೆ ಪಿಟೀಲು ನುಡಿಸಿದವರನ್ನು ನೆನೆದರು. ಅವರಿಂದ, ಹಿಂದೊಮ್ಮೆ ತಮ್ಮನ್ನು ಶ್ರುತಿ ತಪ್ಪದ ಹಾಗೆ ಕಾಪಾಡಿದ ಇನ್ನೊಬ್ಬ ಪಿಟೀಲಿನವರಿಗೆ ಹೋದರು. ಅಲ್ಲಿಂದ, ಆ ಕಾಲದ ಸ್ಟುಡಿಯೊ ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಿದ್ದ ಕಾವಲುಗಾರನಿಗೆ. ಕೊನೆಗೆ, ಅದೇ ಬೆಳಿಗ್ಗೆ ಬಿಸಿನೀರು ತಂದುಕೊಟ್ಟ ಹೆಂಗಸಿಗೆ. ಒಬ್ಬೊಬ್ಬರ ಹೆಸರನ್ನೂ ಬಿಡಿಸಿ ಹೇಳಿ, ಪ್ರತಿ ಹೆಸರಿನ ಹಿಂದೆ 'ಅವರಿಲ್ಲದಿದ್ರೆ ನಾನೆಲ್ಲಿ' ಎಂದು ಸೇರಿಸಿದರು. ಬಿಸಿನೀರಿನ ಹೆಂಗಸು ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡಳು. ನಿರೂಪಕಿಯೂ ಒರೆಸಿಕೊಂಡಳು. ಅಷ್ಟರಲ್ಲಿ ವಾರ್ತೆಯ ಸಮಯವಾಯಿತು.

ಗಾಜಿನ ಗೋಡೆಯ ಈಚೆ ಸಿನಿಮಾ ಕಂಪನಿಯ ಪಿಆರ್‌ಒ ಕುಣಿಯುತ್ತಿದ್ದ. ಸಿನಿಮಾದ ಹೆಸರು 'ಲಿಫ್ಟ್ ಕೆಟ್ಟಿದೆ'. ಒಂದು ಕುಟುಂಬ ಲಿಫ್ಟಿನಲ್ಲಿ ಸಿಕ್ಕಿಕೊಂಡು ಎರಡು ಗಂಟೆ ಜಗಳವಾಡುವ ಕತೆ. ಅಮ್ಮನದು ಮಧ್ಯೆ ಮಧ್ಯೆ ಹಾಡುವ ಅಜ್ಜಿಯ ಪಾತ್ರ. ಅವನು ಗಾಳಿಯಲ್ಲಿ ಗುಂಡಿ ಒತ್ತಿ, ಮೇಲೆ ನೋಡಿ, ಕಾದು, ತಲೆಯಾಡಿಸಿ, ಮತ್ತೆ ಒತ್ತಿದ. ಒಳಗಿನಿಂದ ಅಮ್ಮ ಅವನತ್ತ ಪ್ರೀತಿಯಿಂದ ಕೈಬೀಸಿದರು.

ಹೊರಗೆ ಬರುವಷ್ಟರಲ್ಲಿ ನಿರ್ಮಾಪಕರ ಫೋನು.

"ಏನ್ರೀ, ಪಿಟೀಲು ಗೊತ್ತಾಯ್ತು, ಬಾಗಿಲು ಗೊತ್ತಾಯ್ತು, ಬಿಸಿನೀರೂ ಗೊತ್ತಾಯ್ತು. ನಮ್ಮ ಸಿನಿಮಾ ಯಾವ್ದು ಅಂತ ಯಾರಿಗಾದ್ರೂ ಗೊತ್ತಾಯ್ತಾ?"

"ಮುಂದಿನದ್ರಲ್ಲಿ ಹೇಳಿಸ್ತೀನಿ ಸರ್."

"ಸಾಯಂಕಾಲ ಏಳಕ್ಕೆ ಟೀವಿ ಲೈವ್ ಇದೆ. ಊರೆಲ್ಲ ನೋಡುತ್ತೆ. ಅದ್ರಲ್ಲೂ ಅವರ ಬಾಯಲ್ಲಿ ಹೆಸರು ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀವೂ ಬರೋದು ಬೇಡ."

ಪಿಆರ್‌ಒಗೆ ಈ ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ಹಿಂದಿನ ಕಂಪನಿ ಮುಚ್ಚಿಹೋಗಿತ್ತು. ಅದಕ್ಕೂ ಹಿಂದಿನದು ತೆರೆದೇ ಇರಲಿಲ್ಲ. 'ಇದನ್ನಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ' ಎಂದು ಹೆಂಡತಿ ದಿನವೂ ಊಟದ ಡಬ್ಬಿಯ ಜೊತೆಗೆ ಕಟ್ಟಿ ಕಳಿಸುತ್ತಿದ್ದಳು.

ಕಾರಿನಲ್ಲಿ ಅಮ್ಮ ಸಂತೋಷವಾಗಿದ್ದರು. "ಚೆನ್ನಾಗಿ ಆಯ್ತಲ್ಲಪ್ಪಾ?"

"ಬಹಳ ಚೆನ್ನಾಗಿ ಆಯ್ತು ಅಮ್ಮ. ಹೆಸರೊಂದು ಬಿಟ್ಟುಹೋಯ್ತು."

ಅಮ್ಮನ ಮುಖ ಇಳಿಯಿತು. "ಯಾರದ್ದು? ಸೌಂಡಿನವರದ್ದಾ?"

"ಸಿನಿಮಾದ್ದು."

"ಓ, ಅದಾ." ಸಮಾಧಾನವಾಯಿತು. "ನಾನೆಲ್ಲೋ ಮನುಷ್ಯರನ್ನ ಬಿಟ್ಟೆ ಅಂದ್ಕೊಂಡೆ."

ಡ್ರೈವರ್ ಕನ್ನಡಿಯಲ್ಲೇ ಸಲಹೆ ಕೊಟ್ಟ. "ಸರ್, ಬಾಯಲ್ಲಿ ಹೇಳಿದ್ರೆ ಮರೀತಾರೆ. ಕಣ್ಣಿಗೆ ಬೀಳೋ ಜಾಗದಲ್ಲಿ ಅಂಟಿಸ್ಬೇಕು. ಒಳಗೆ ಹೋಗೋ ಮುಂಚೆ ಕೊನೇಗೆ ಏನು ನೋಡ್ತಾರೋ ಅದೇ ನಾಲಿಗೆ ಮೇಲೆ ಇರುತ್ತೆ."

ಪಿಆರ್‌ಒಗೆ ಮಾತು ಹಿಡಿಸಿತು. ಸಾಯಂಕಾಲದ ಲೈವ್‌ಗೆ ಮುಂಚೆ ಇನ್ನೊಂದು ಟೀವಿಯಲ್ಲಿ ಸಂದರ್ಶನವಿತ್ತು; ಅದರ ಕಚೇರಿ ಇದ್ದದ್ದು ಐದನೇ ಮಹಡಿಯಲ್ಲಿ. ಅವನು ಡಿಕ್ಕಿಯಿಂದ ದೊಡ್ಡ ಪೋಸ್ಟರೊಂದನ್ನು ತೆಗೆದು ಓಡಿದ. ಅಕ್ಷರಗಳು ಮೊಳದುದ್ದ, ನಟರ ಮುಖಗಳು ಬಟಾಣಿಯಷ್ಟು. ಅಮ್ಮ ಕೊನೆಗೆ ನೋಡುವುದು ಯಾವುದನ್ನು ಎಂದು ಲೆಕ್ಕ ಹಾಕಿ, ನೆಲಮಹಡಿಯ ಲಿಫ್ಟಿನ ಬಾಗಿಲಿಗೆ ಅಂಟಿಸಿ, ಅಮ್ಮನನ್ನು ಕರೆತರಲು ಹಿಂತಿರುಗಿದ.

ಬರುವಷ್ಟರಲ್ಲಿ ಲಿಫ್ಟಿನ ಮುಂದೆ ಸೆಕ್ಯುರಿಟಿಯವನು ಅಡ್ಡಲಾಗಿ ಕುರ್ಚಿ ಇಟ್ಟಿದ್ದ. ಜನ ಗೊಣಗುತ್ತ ಮೆಟ್ಟಿಲು ಹತ್ತುತ್ತಿದ್ದರು.

"ಕೆಟ್ಟಿದೆ ಸರ್. ಮೆಟ್ಟಿಲಲ್ಲಿ ಹೋಗಿ."

"ಕೆಟ್ಟಿಲ್ಲ ರೀ, ಅದು ಸಿನಿಮಾ."

"ಏನೇ ಇರ್ಲಿ ಸರ್. ಬೋರ್ಡ್ ಬಿದ್ದ ಮೇಲೆ ನಾನು ಬಿಡೋ ಹಾಗಿಲ್ಲ. ಮೇಲಿನಿಂದ ಆರ್ಡರ್ ಆಗ್ಬೇಕು."

"ಮೇಲೆ ಅಂದ್ರೆ?"

"ಐದನೇ ಮಹಡಿ."

"ಅಲ್ಲಿಗೆ ಹೋಗೋದು ಹೇಗೆ?"

ಸೆಕ್ಯುರಿಟಿಯವನು ಮೆಟ್ಟಿಲಿನ ಕಡೆ ತೋರಿಸಿದ.

ಅಮ್ಮನಿಗೆ ಎಪ್ಪತ್ತೊಂದು ವರ್ಷ. ಒಂದು ಮೊಣಕಾಲು ಇತ್ತೀಚೆಗಷ್ಟೇ ಹೊಸದಾಗಿ ಬಂದದ್ದು. ಕೊನೆಗೆ ಅಡ್ಡ ಇಟ್ಟಿದ್ದ ಆ ಕುರ್ಚಿಯಲ್ಲೇ ಅವರನ್ನು ಕೂರಿಸಿ, ಸೆಕ್ಯುರಿಟಿಯವನು, ಡ್ರೈವರ್, ಕ್ಯಾಂಟೀನಿನ ಒಬ್ಬರು ಮತ್ತು ಪಿಆರ್‌ಒ ಒಂದೊಂದು ಕಾಲು ಹಿಡಿದು ಹೊತ್ತರು. ಎರಡನೇ ಮಹಡಿಯಲ್ಲಿ ಕ್ಯಾಂಟೀನಿನವರು ಒಂದು ಹಾಡು ಕೇಳಿದರು. ಅಮ್ಮ ಹಾಡಿದರು. ಹಾಡು ಕೇಳಿ ಎಲ್ಲ ಮಹಡಿಯವರೂ ಮೆಟ್ಟಿಲಿಗೆ ಬಂದು ನಿಂತರು, ದಾರಿ ಕಟ್ಟಿಹೋಯಿತು. ಕುರ್ಚಿ ಸ್ಟುಡಿಯೊ ಸೇರಿದಾಗ ಸಂದರ್ಶನಕ್ಕೆ ಉಳಿದಿದ್ದದ್ದು ಆರು ನಿಮಿಷ.

ಆ ಆರು ನಿಮಿಷವೂ ಕುರ್ಚಿ ಹೊತ್ತವರಿಗೆ ಸಂದಿತು. ಅಮ್ಮ ಅವರನ್ನು ಕ್ಯಾಮೆರಾದ ಮುಂದೆಯೇ ಕರೆಸಿ, ಯಾರ ಕೈ ಯಾವ ತಿರುವಿನಲ್ಲಿ ನಡುಗಿತು ಎಂಬುದನ್ನೂ ಹೇಳಿ, ಒಬ್ಬೊಬ್ಬರ ಭುಜ ಮುಟ್ಟಿ 'ಇವರಿಲ್ಲದಿದ್ರೆ' ಎಂದು ಶುರು ಮಾಡಿದರು. ಹೆಸರು ನೆನಪಿಸಬೇಕಾದ ಪಿಆರ್‌ಒ ನಾಲ್ಕನೆಯವನಾಗಿ ಪಕ್ಕದಲ್ಲೇ ನಿಂತಿದ್ದ. ಆದರೆ ಅವನಿಗೆ ಏದುಸಿರು. ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

ಮಧ್ಯಾಹ್ನ ಪ್ರಚಾರಕ್ಕೆಂದು ಒಂದು ಕಾಲೇಜಿಗೆ ಹೋಗುವಷ್ಟರಲ್ಲಿ ಆ ತುಣುಕೂ ಬೆಳಗಿನ ರೇಡಿಯೊ ಮಾತೂ ಎಲ್ಲರ ಮೊಬೈಲಿನಲ್ಲಿದ್ದವು. ಸಭಾಂಗಣಕ್ಕೆ ಅಮ್ಮ ಕಾಲಿಟ್ಟ ಕೂಡಲೇ ವಿದ್ಯಾರ್ಥಿಗಳು ಒಂದೇ ದನಿಯಲ್ಲಿ "ಅವರಿಲ್ಲದಿದ್ರೆ ನಾನೆಲ್ಲಿ" ಎಂದು ಕೂಗಿದರು. ಪ್ರಿನ್ಸಿಪಾಲರು ಸ್ವಾಗತ ಭಾಷಣದಲ್ಲಿ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು.

ಈ ಸಲ ಪಿಆರ್‌ಒ ಯಾವುದಕ್ಕೂ ಪೋಸ್ಟರ್ ಅಂಟಿಸಲಿಲ್ಲ. ಸಭಾಂಗಣದ ಕೊನೆಯಲ್ಲಿ ತಾನೇ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತ. ಅಮ್ಮ ಕನ್ನಡಕವನ್ನು ಕಾರಿನಲ್ಲಿ ಬಿಟ್ಟುಬಂದದ್ದು ಅವನಿಗೆ ಗೊತ್ತಿರಲಿಲ್ಲ. ಅವರು ಮಾತಿನ ನಡುವೆ ಕಣ್ಣು ಕಿರಿದು ಮಾಡಿ, "ಅಲ್ಲಿ ಹಿಂದೆ ಯಾರೋ ಪಾಪ, ಆಗಿನಿಂದ ಬಾಗಿಲು ಹೊತ್ಕೊಂಡು ನಿಂತಿದ್ದಾರೆ. ಯಾರಾದ್ರೂ ಕೈಜೋಡಿಸಿ" ಎಂದರು. ನಾಲ್ಕು ಜನ ಹುಡುಗರು ಬಂದು ಪೋಸ್ಟರನ್ನು ಗೌರವದಿಂದ ಇಸಿದುಕೊಂಡು ಹೊರಗೆ ಇಟ್ಟುಬಂದರು.

ಐದು ಗಂಟೆಗೆ ಕಾರು ಲೈವ್ ಕಾರ್ಯಕ್ರಮದ ಕಡೆ ಹೊರಟಿತು. ಪಿಆರ್‌ಒ ಫೋನನ್ನು ನೋಡಿದ. ನಿರ್ಮಾಪಕರ ಹೆಸರು ಮಿನುಗುತ್ತಿತ್ತು. ಬೈಸಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಫೋನನ್ನು ಪೂರ್ತಿ ಆಫ್ ಮಾಡಿ ಜೇಬಿಗೆ ಹಾಕಿಕೊಂಡ. ಹಾಕಿಕೊಂಡವನು ಅಳತೊಡಗಿದ.

"ಯಾಕಪ್ಪಾ, ಏನಾಯ್ತು?"

"ಈವತ್ತು ನೀವು ಸಿನಿಮಾ ಹೆಸರು ಹೇಳ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ ಅಮ್ಮ."

"ಬೆಳಿಗ್ಗೇನೇ ಹೇಳ್ಬಾರ್ದಿತ್ತಾ?"

"ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದೀನಿ."

"ಹೆಸರು ಹೇಳಿ ಅಂದೆ. ಕೆಲಸ ಹೋಗುತ್ತೆ ಅಂದ್ಯಾ?" ಅಮ್ಮ ಅವನತ್ತ ತಿರುಗಿ ಕೂತರು. "ನನ್ನ ಮೊದಲನೇ ಹಾಡು ರೇಡಿಯೊದಲ್ಲಿ ಬಂದಾಗ ಮನೆಯವರೆಲ್ಲ ಸುತ್ತ ಕೂತಿದ್ವಿ. ಸಿನಿಮಾ ಹೆಸರು ಹೇಳಿದ್ರು, ಹಾಡಿನ ಹೆಸರು ಹೇಳಿದ್ರು. ಆಮೇಲೆ ಹಾಡು ಬಂತು. ನನ್ನ ಹೆಸರು ಹೇಳ್ಲೇ ಇಲ್ಲ. ನಮ್ಮಪ್ಪ ರೇಡಿಯೊ ಕೆಟ್ಟಿರ್ಬೇಕು ಅಂತ ಒಂದು ಏಟು ಹಾಕಿದ್ರು. ಸಿನಿಮಾ ಹೆಸರನ್ನ ಗೋಡೆನೂ ಹೇಳುತ್ತಪ್ಪಾ. ಕುರ್ಚಿ ಹೊತ್ತವನ ಹೆಸರು ಯಾರು ಹೇಳ್ತಾರೆ?"

ಪಿಆರ್‌ಒ ಮೂಗು ಒರೆಸಿಕೊಂಡ.

"ಸರಿ, ಅಳಬೇಡ. ನೀನೂ ಕುರ್ಚಿ ಹೊತ್ತವನೇ ತಾನೇ. ಹೇಳ್ಕೊಡು, ಹೇಗೆ ಹೇಳ್ಬೇಕು?"

ದಾರಿಯುದ್ದಕ್ಕೂ ಅಭ್ಯಾಸ ನಡೆಯಿತು. ಅಮ್ಮ ಅದನ್ನು ಮಂದ್ರದಲ್ಲಿ ಹೇಳಿದರು, ತಾರದಲ್ಲಿ ಹೇಳಿದರು, ಎರಡು ಸಲ ರಾಗ ಹಾಕಿಯೂ ಹೇಳಿದರು. ಡ್ರೈವರ್ ಸ್ಟೀರಿಂಗಿನ ಮೇಲೆ ತಾಳ ಹಾಕಿದ.

ಏಳಕ್ಕೆ ಲೈವ್ ಶುರುವಾಯಿತು. ನಿರೂಪಕ ಕೈಯಲ್ಲಿದ್ದ ಚೀಟಿ ನೋಡಿಕೊಂಡು ನಗುತ್ತ ಆರಂಭಿಸಿದ. "ಅಮ್ಮ, ನಿಮ್ಮ ಹೊಸ ಸಿನಿಮಾ 'ಅವರಿಲ್ಲದಿದ್ರೆ ನಾನೆಲ್ಲಿ'..."

ಪಿಆರ್‌ಒಗೆ ಕಾಲೇಜಿನ ನೆನಪಾಯಿತು. ಇವನೂ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡ. ಕ್ಯಾಮೆರಾದ ಪಕ್ಕದಿಂದ ಬಿಡಬೇಡಿ ಎಂಬಂತೆ ಅಮ್ಮನಿಗೆ ಮುಷ್ಟಿ ಬಿಗಿದು ತೋರಿಸಿದ.

"ಅಲ್ಲ," ಎಂದರು ಅಮ್ಮ. "ಲಿಫ್ಟ್ ಕೆಟ್ಟಿದೆ."

"ಇಲ್ಲ ಅಮ್ಮ, ನಮಗೆ ಈಗಷ್ಟೇ ಬಂದಿರೋ ಮಾಹಿತಿ ಪ್ರಕಾರ..."

"ಯಾರೋ ನಿಮಗೆ ತಪ್ಪು ಹೇಳಿದ್ದಾರಪ್ಪಾ. ಸಿನಿಮಾದ ಹೆಸರು 'ಲಿಫ್ಟ್ ಕೆಟ್ಟಿದೆ'. ನೋಡ್ತಿರೋರೆಲ್ಲ ಗುರುತು ಹಾಕ್ಕೊಳ್ಳಿ. ಬೇರೆ ಹೆಸರು ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಒಂದು ಗಂಟೆಯ ಕಾರ್ಯಕ್ರಮದಲ್ಲಿ ಅವರು ಅದನ್ನು ಎಷ್ಟು ಸಲ ಹೇಳಿದರೆಂದರೆ, ಕೊನೆಗೆ ನಿರೂಪಕನೇ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಮುಗಿಯುವ ಮುನ್ನ ಅಮ್ಮ ಕ್ಯಾಮೆರಾದತ್ತ ತಿರುಗಿ, ಈ ಹೆಸರು ತಮ್ಮ ಬಾಯಲ್ಲಿ ನಿಲ್ಲುವಂತೆ ಮಾಡಿದವರು ಕಂಪನಿಯ ಪಿಆರ್‌ಒ, ಇಂಥವರ ಮಗ, ಇಂಥ ಹೆಸರಿನವರು ಎಂದು ವಿವರವಾಗಿ ಹೇಳಿ, "ಅವರಿಲ್ಲದಿದ್ರೆ ನಾನೆಲ್ಲಿ" ಎಂದರು.

ಟೀವಿಯಲ್ಲಿ ಅಪ್ಪನ ಹೆಸರು ಸಮೇತ ಅವನ ಹೆಸರು ಬಂದದ್ದು ಅದೇ ಮೊದಲು. ಮನೆಯಲ್ಲಿ ಹೆಂಡತಿ ನೋಡುತ್ತಿರುತ್ತಾಳೆ. ಕೆಲಸವೂ ಉಳಿಯಿತು. ಅವನು ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಹೊರಗೆ ಬಂದು ಫೋನ್ ಆನ್ ಮಾಡಿದ.

"ಎಲ್ಲಿ ಸತ್ತಿದ್ರಿ?" ನಿರ್ಮಾಪಕರ ದನಿ ಮೆತ್ತಗಿತ್ತು. ಅದೇ ಹೆಚ್ಚು ಹೆದರಿಸಿತು. "ಆ ಮಾತು ಊರೆಲ್ಲ ಓಡಾಡ್ತಿದೆ. ಮಕ್ಕಳೂ ಹೇಳ್ತಿದ್ದಾವೆ. ಅದಕ್ಕೇ ಸಿನಿಮಾಗೆ ಅದನ್ನೇ ಹೆಸರಿಟ್ವಿ. ಬಿಡುಗಡೆಗೆ ಇನ್ನೂ ತಿಂಗಳಿದೆ, ಬದಲಾವಣೆಗೆ ಅರ್ಜಿ ಹಾಕಿ ಆಯ್ತು. ನಾಲ್ಕೂವರೆಗೆ ಎಲ್ಲ ಟೀವಿಗೂ ಕಳಿಸಿದೆ. ಐದರಿಂದ ನಿಮಗೆ ಮಾಡ್ತಾನೇ ಇದೀನಿ."

"ಸರ್, ನಾನು..."

"ಅಮ್ಮ ವಯಸ್ಸಾದವರು, ಮರೆತ್ರು ಅಂತ ಹೇಳ್ಕೋಬಹುದಿತ್ತು. ಹೇಳ್ಕೊಟ್ಟಿದ್ದು ಯಾರು ಅಂತ ಅಪ್ಪನ ಹೆಸರು ಸಮೇತ ಹೇಳ್ಬಿಟ್ರು." ನಿಟ್ಟುಸಿರು ಕೇಳಿಸಿತು. "ಕೆಲಸದಿಂದ ತೆಗೆಯೋಣ ಅಂದ್ರೆ, ಅವರ ಬಾಯಲ್ಲಿ ಏನಾದ್ರೂ ಹೇಳಿಸೋಕೆ ಬರೋದು ನಿಮಗೊಬ್ರಿಗೇ ಅಂತ ಈಗ ಗೊತ್ತಾಗಿದೆ. ನಾಳೆ ಮೂರು ಸಂದರ್ಶನ. ಹೊಸ ಹೆಸರು ಬರ್ಬೇಕು. ಬರ್ಲಿಲ್ಲ ಅಂದ್ರೆ ಬೆಳಿಗ್ಗೆ ಹೇಳಿದ್ದೇ."

ಪಿಆರ್‌ಒಗೆ ಹೋದ ಜೀವ ಬಂತು. ಹೊಸ ಹೆಸರು ಅಮ್ಮನ ಬಾಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇರುವುದೇ. ಇದಕ್ಕಿಂತ ಸುಲಭದ ಕೆಲಸ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕಾರು ಹತ್ತಿ ಅಮ್ಮನಿಗೆ ಸಂಗತಿ ತಿಳಿಸಿದ.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಹಾಗಾದ್ರೆ ಇನ್ನು ಆ ಮಾತು ಆಡೋಕಾಗಲ್ಲ ನೋಡು," ಎಂದರು. "ಒಬ್ಬರನ್ನ ನೆನೆಸ್ಕೊಂಡು ಅದನ್ನ ಹೇಳಿದ್ರೆ, ಸಿನಿಮಾಗೆ ಜಾಹೀರಾತು ಕೊಡ್ತಿದ್ದಾಳೆ ಅಂತಾರೆ. ಅವರ ಪಾಲಿಂದು ಅವರಿಗೆ ಸೇರೋದೇ ಇಲ್ಲ. ಇಷ್ಟು ವರ್ಷ ಮನಸಾರೆ ಹೇಳಿದ್ದಕ್ಕೂ ಬೆಲೆ ಹೋಗುತ್ತೆ. ಬೇರೆ ಏನಾದ್ರೂ ಹುಡುಕೋಣ ಬಿಡು."

"ಅಮ್ಮ, ನನ್ನ ಕೆಲಸ..."

"ನಿನ್ನನ್ನ ಕೈಬಿಡ್ತೀನಾ? ನಾಳೆನೂ ಎಲ್ಲಾ ಕಡೆ ನಿನ್ನ ಹೆಸರು ಹೇಳ್ತೀನಿ."

ಮರುದಿನ ಮೂರು ಸಂದರ್ಶನಗಳಲ್ಲೂ ಅವರು ಪಿಆರ್‌ಒನ ಹೆಸರು ಹೇಳಿದರು. ಸಿನಿಮಾದ ಹೆಸರು ಹೇಳಲಿಲ್ಲ.