ಅತ್ತಾಣಿಯಲ್ಲಿ ಅಮ್ಮಿಕಲ್ಲು

ಹೊರೆ ಹೊರುವವರಲ್ಲಿ ಎರಡು ಬಗೆ. ನನ್ನಿಂದಾಗದು ಎಂದು ಮೊದಲೇ ಹೇಳಿ ಮರ್ಯಾದೆ ಉಳಿಸಿಕೊಳ್ಳುವವರು ಒಂದು, ಆಗದೆಂದು ಅರ್ಧ ದಾರಿಯಲ್ಲಿ ತಿಳಿದರೂ ಹಲ್ಲು ಕಚ್ಚಿಕೊಂಡು ನಡೆಯುವವರು ಇನ್ನೊಂದು. ನಾನು ಎರಡನೆಯ ಬಗೆಯವನು. ಇದನ್ನು ನಾನು ಛಲ ಎನ್ನುತ್ತೇನೆ, ನನ್ನ ಹೆಂಡತಿ ಹಟ ಎನ್ನುತ್ತಾಳೆ. ಮನೆಗೆ ಗ್ಯಾಸ್ ಸಿಲಿಂಡರ್ ಬಂದಾಗಲೆಲ್ಲ ನಮ್ಮಿಬ್ಬರಿಗೂ ಈ ವಿಷಯದಲ್ಲಿ ಚರ್ಚೆಯಾಗುತ್ತದೆ. ಚರ್ಚೆ ಮುಗಿಯುವಷ್ಟರಲ್ಲಿ ಪಕ್ಕದ ಮನೆಯವರು ಬಂದು ಸಿಲಿಂಡರ್ ಒಳಗಿಟ್ಟು ಹೋಗಿರುತ್ತಾರೆ.

ಈ ಛಲ ಒಮ್ಮೆ ಮಾತ್ರ ಕೆಲಸಕ್ಕೆ ಬಂತು. ವಯನಾಡಿನ ಕಾಡಿನಲ್ಲಿ ನಕ್ಸಲರಿದ್ದಾರೆಂದು ಪೊಲೀಸರು ಅಲೆಯುತ್ತಿದ್ದ ಕಾಲ. ಊರಿನಲ್ಲಿ ಭೂಮಿಯ ಜಗಳ. ನಾಲ್ಕು ಜನ ಕೂತು ಎಲೆಯಡಿಕೆ ಹಾಕಿಕೊಂಡರೂ ಅದು ಸಭೆಯೆಂದೇ ಲೆಕ್ಕ. ಚೇಕಾಡಿಯಲ್ಲಿ ನನ್ನ ಚಿಕ್ಕಮ್ಮ ಗಂಡ ತೀರಿಕೊಂಡ ಮೇಲೆ ಗದ್ದೆಯಂಚಿನ ಗುಡಿಸಲಿನಲ್ಲಿ ಒಬ್ಬಳೇ ಇದ್ದಳು. ಮನೆ ಮಾಡಿಕೊಂಡಿರುವವರಿಗೆ ಆ ಜಾಗ ಸಿಗುತ್ತದೆಂದು ಹೊಸ ಕಾನೂನು ಬಂದದ್ದೇ ತಡ, ಜಮೀನಿನ ಯಜಮಾನ, "ಅದು ಮನೆಯಲ್ಲ, ದನದ ಕೊಟ್ಟಿಗೆ" ಎಂದುಬಿಟ್ಟ. ಕಣ್ಣಾರೆ ನೋಡಿ ತೀರ್ಮಾನಿಸಲು ಕಚೇರಿಯ ಸಾಹೇಬರು ಮರುದಿನ ಬೆಳಗ್ಗೆ ಬರುವವರಿದ್ದರು. ಗುಡಿಸಲಿನಲ್ಲಿ ಒಲೆಯಿತ್ತು. ಆದರೆ ಅರೆಯುವ ಅಮ್ಮಿಕಲ್ಲು ಇರಲಿಲ್ಲ. ಅವಳು ನಮ್ಮ ಮನೆಗೆ ಬಂದು ಅರೆದುಕೊಂಡು ಹೋಗುತ್ತಿದ್ದಳು.

"ಅಮ್ಮಿ ಇಲ್ಲದ್ದು ಎಂಥ ಮನೆ ಅಂತ ಕೇಳಿದ್ರೆ ನಾನೇನ್ ಹೇಳ್ಲಿ ಮಗಾ? ಈ ಜಾಗವೂ ಹೋದ್ರೆ ನಾನೆಲ್ಲಿಗೆ ಹೋಗ್ಲಿ?" ಎಂದು ಅವಳು ಕಣ್ಣೊರೆಸಿಕೊಂಡಳು. ನಮ್ಮ ಮನೆಯ ಅಮ್ಮಿಯನ್ನೇ ಕೊಡಬಹುದಿತ್ತು. ಆದರೆ ಅದು ನಮ್ಮಮ್ಮ ತವರಿನಿಂದ ತಂದದ್ದು. ಅಮ್ಮ ಬೇಕಾದರೆ ನನ್ನನ್ನು ಬಿಟ್ಟುಕೊಟ್ಟಾಳು, ಅದನ್ನು ಕೊಡುವವಳಲ್ಲ. ಪೊಲೀಸರ ತಪಾಸಣೆಗೆ ಹೆದರಿ ಗಾಡಿಯವರೂ ಕಾಡುದಾರಿಗೆ ಬರುತ್ತಿರಲಿಲ್ಲ. "ಪುಲ್ಪಳ್ಳಿ ಪೇಟೆಯಿಂದ ನಾನೇ ಹೊತ್ತು ತರ್ತೀನಿ" ಎಂದೆ. ಹೇಳುವಾಗ ಕಲ್ಲು ಹಗುರವಾಗಿಯೇ ಇತ್ತು.

ಪುಲ್ಪಳ್ಳಿ ದಾಟಿ ಕಾಡು ಹೊಕ್ಕ ಮೇಲೆ ಒಂದು ಅತ್ತಾಣಿ ಸಿಗುತ್ತದೆ. ಎರಡು ಕಂಬಗಳ ಮೇಲೆ ಎದೆಯೆತ್ತರಕ್ಕೆ ಒಂದು ಚಪ್ಪಡಿ, ದೂರ ನಡೆಯುವವರು ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳುವ ಜಾಗ. ಅಲ್ಲಿಗೊಂದು ಕಟ್ಟಳೆಯಿದೆ: ಬಂದವರು ಯಾರೇ ಆಗಲಿ, ತಮಗಿಂತ ಮೊದಲು ಬಂದವರ ಹೊರೆಗೆ ಕೈ ಕೊಡದೆ ಹೊರಡುವಂತಿಲ್ಲ. ಪೇಟೆಯಲ್ಲಿ ಕೊಂಡು ಹೊತ್ತು ತಂದ ಕಲ್ಲನ್ನು ನಾನು ಚಪ್ಪಡಿಗೆ ಗುರಿಯಿಟ್ಟೇ ಇಳಿಸಿದೆ. ಅದು ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಆದರೆ ಎಷ್ಟು ಮುಕ್ಕಿರಿದರೂ ನನ್ನ ಮೊಣಕಾಲಿನಿಂದ ಮೇಲೆ ಬರಲಿಲ್ಲ.

ಅಷ್ಟರಲ್ಲಿ ಸೌದೆ ಹೊರೆಯೊಂದಿಗೆ ಚೇಕಾಡಿಗೆ ಹೊರಟಿದ್ದ ಕಾಡಿನ ಹಾಡಿಯ ಬೊಮ್ಮಣ್ಣ ಬಂದ. ಅದೇ ಹೊತ್ತಿಗೆ ಎದುರಿನ ಚೇಕಾಡಿ ಕಡೆಯಿಂದ, ಪೇಟೆಗೆ ಹಸಿ ಅರಿಶಿನ ಹೊತ್ತುಕೊಂಡು ಕಾಳಜ್ಜಿ ಬಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಕಲ್ಲಿನ ಮೇಲೆ ಅಂಗೈ ಆಡಿಸಿ, "ಇದು ಉಳಿ ಏಟಿನ ಹೊಸಾ ಕಲ್ಲು ಮಗಾ. ನಿನ್ನೆ ಮೊನ್ನೆ ತಂದದ್ದು ಅಂತ ಸಾಹೇಬ್ರಿಗೆ ಗೊತ್ತಾಗಲ್ವಾ? ಕೂರು, ಹಳೇದು ಮಾಡಾಣ" ಎಂದಳು. ಮಾರಲು ತಂದ ಅರಿಶಿನವನ್ನೇ ಹಿಡಿ ತುಂಬ ಕಲ್ಲಿನ ಮೇಲೆ ಸುರಿದಳು. ಬೊಮ್ಮಣ್ಣ ತೋಡಿನಿಂದ ಎಲೆಯಲ್ಲಿ ನೀರು ತಂದ. ನಾನು ಅರೆಯಲು ಕೂತೆ. ಇಷ್ಟು ದಿನ ಅನ್ನದ ಜೊತೆ ಚಟ್ನಿ ಉಂಡಿದ್ದೆನೇ ಹೊರತು ಅದರ ಹಿಂದೆ ಇಷ್ಟು ಸೊಂಟನೋವು ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಎಂದಾ ಇವಿಡೆ?" ತಿರುಗಿ ನೋಡಿದರೆ ಬಂದೂಕು ಹಿಡಿದ ಇಬ್ಬರು ಪೊಲೀಸರು. ಇಲ್ಲಿ ಏನು ನಡೆಯುತ್ತಿದೆ ಎಂದು ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ನಾನು ಇನ್ನಷ್ಟು ಜೋರಾಗಿ ಅರೆಯತೊಡಗಿದೆ. ಮೊಣಕೈವರೆಗೆ ಹಳದಿಯಾಗಿದ್ದ ನನ್ನನ್ನು ಅವರು ಅನುಮಾನದಿಂದ ನೋಡಿದರು. ಅಜ್ಜಿ ಮಾತ್ರ ಅಲುಗಾಡಲಿಲ್ಲ. "ಅರಿಶಿನ ಅರೀತಿದೀವಿ ಸಾರೇ. ಒಂದು ಹೆಂಗಸಿಗೆ ನಾಳೆಗೆ ಮನೆ ಬೇಕು" ಎಂದು ಎರಡೂ ಭಾಷೆ ಕಲಸಿ ಎಲ್ಲವನ್ನೂ ಹೇಳಿದಳು. ಕೊನೆಗೆ, "ನೀವೂ ಅತ್ತಾಣಿಗೆ ಬಂದೋರು, ಒಂದು ಕೈ ಕೊಡಿ" ಎಂದಳು. ಕಿರಿಯವನು ನಕ್ಕ. ಹಿರಿಯವನು ಬಂದೂಕನ್ನು ಮರಕ್ಕೆ ಒರಗಿಸಿ ಬಂದು ಕಲ್ಲಿಗೆ ಕೈ ಹಾಕಿದ. ಅವನ ಮುಖ ಕೆಂಪಗಾದದ್ದು ನೋಡಿ ನನಗೆ ತುಂಬ ಸಮಾಧಾನವಾಯಿತು. ಕಲ್ಲು ನಿಜವಾಗಿಯೂ ಭಾರವೇ ಇತ್ತು.

ಅವರು ಕಲ್ಲನ್ನು ಎತ್ತಿಟ್ಟದ್ದು ನನ್ನ ತಲೆಯ ಮೇಲಲ್ಲ, ಬೊಮ್ಮಣ್ಣನ ತಲೆಯ ಮೇಲೆ. "ಗೌಡ್ರೆ, ನಿಮ್ಮ ಕಾಲು ನಡುಗ್ತಾ ಅದೆ. ನೀವು ನನ್ ಸೌದೆ ತಕ್ಕಳಿ" ಎಂದು ಅವನು ಹೊರಟೇಬಿಟ್ಟ. ಸೌದೆ ಹಗುರ, ನಿಜ. ಆದರೆ ಬಲು ಉದ್ದ. ದಾರಿಯ ಎರಡೂ ಬದಿಯ ಮರಗಳು ಅದನ್ನು ಹಿಡಿದು ಹಿಡಿದು ಎಳೆದವು. ಹೊರೆ ಒಂದು ಕಡೆ ತಿರುಗಿದರೆ ನಾನು ಇನ್ನೊಂದು ಕಡೆ. ಚೇಕಾಡಿಯ ಗದ್ದೆ ಕಾಣಿಸುವ ಹೊತ್ತಿಗೆ ಕುತ್ತಿಗೆಯಲ್ಲಿ ಕಟಕ್ ಎಂದಿತು. ಆದರೂ ಹೊರೆ ಕೆಳಗಿಡಲಿಲ್ಲ.

ಮರುದಿನ ಸಾಹೇಬರು ಬಂದರು. ಒಲೆ ನೋಡಿದರು, ಹಳದಿ ಬಣ್ಣದ ಅಮ್ಮಿ ನೋಡಿದರು. "ಎಷ್ಟು ವರ್ಷದಿಂದ ಇದೆ?" ಎಂದು ಚಿಕ್ಕಮ್ಮನನ್ನು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳು, "ನಿನ್ನೆ ಸಂಜೆ ಬಂತು ಸಾರೇ. ಈ ನಮ್ಮ ಹುಡುಗ ಕಾಡಲ್ಲಿ ಹೊತ್ತು ತಂದ" ಎಂದುಬಿಟ್ಟಳು. ಸಾಹೇಬರು ನನ್ನ ಕಡೆ ತಿರುಗಿದರು. ನನಗೆ ಅವರ ಕಡೆ ತಿರುಗಲಾಗಲಿಲ್ಲ. ಸೊಟ್ಟಗೆ ನಿಂತಿದ್ದ ನನ್ನ ಕುತ್ತಿಗೆಯನ್ನು ಬಹಳ ಹೊತ್ತು ನೋಡಿದರು.

"ದನದ ಕೊಟ್ಟಿಗೆಗೆ ಯಾರೂ ಇಷ್ಟು ಕಷ್ಟಪಟ್ಟು ಕಲ್ಲು ಹೊರೋದಿಲ್ಲ" ಎಂದರು. "ಇದು ಮನೆಯೇ."

ಚಿಕ್ಕಮ್ಮ ಅಳುತ್ತಲೇ ನಕ್ಕಳು, ನನಗೂ ಕಣ್ಣು ತುಂಬಿಬಂತು. ಈ ಕುತ್ತಿಗೆ ಉಳುಕಿದ್ದು ಕಲ್ಲಿನಿಂದಲ್ಲ, ಬೊಮ್ಮಣ್ಣನ ಸೌದೆಯಿಂದ ಎಂದು ಆಗಲೇ ಹೇಳಿಬಿಡಬೇಕು ಅನ್ನಿಸಿತು. ಬಾಯಿ ಬರಲಿಲ್ಲ. ಅಲ್ಲವೆಂದು ತಲೆಯಾದರೂ ಆಡಿಸೋಣವೆಂದರೆ ಅದೂ ಆಡಲಿಲ್ಲ.