ಅತ್ತೆಯ ಸಮುದ್ರ, ಮಾವನ ವೇಬ್ರಿಜ್

ನಮ್ಮ ಮಾವನ ಮನೆಗೆ ನೀವು ಹೋದರೆ, ಅವರು ಯೋಗಕ್ಷೇಮ ಕೇಳುವ ಮೊದಲು ನಿಮ್ಮ ತೂಕ ಕೇಳುತ್ತಾರೆ! ಹೇಳಿದರೆ ನಂಬುವುದೂ ಇಲ್ಲ. ಬಾಗಿಲ ಹಿಂದಿನ ತೂಕದ ಯಂತ್ರವನ್ನು ಕಾಲಲ್ಲೇ ಮುಂದೆ ತಳ್ಳಿ, "ಹತ್ತು ನೋಡಾನ" ಎನ್ನುತ್ತಾರೆ. ಶಿಕಾರಿಪುರದ ನೆಂಟರಲ್ಲಿ ಅರ್ಧ ಜನ ಆ ಮನೆಗೆ ಹೋಗುವುದನ್ನು ಬಿಟ್ಟದ್ದು ಕಾಫಿ ಸರಿಯಿಲ್ಲವೆಂದಲ್ಲ.

ಇದಕ್ಕೆಲ್ಲ ಕಾರಣ ಸಮುದ್ರ. ಅತ್ತೆ ಸೊರಬ ಕಡೆಯ ಕುಪ್ಪಗಡ್ಡೆಯವರು. ಘಟ್ಟ ಇಳಿದರೆ ಸಮುದ್ರ, ಆದರೂ ಒಮ್ಮೆಯೂ ನೋಡಿದವರಲ್ಲ. ಹುಡುಗಿಯಾಗಿದ್ದಾಗ ತವರಿನವರು "ಗಂಡನ ಜೊತೆ ನೋಡೀಯಂತೆ" ಎಂದರು. ಮದುವೆಯಾದ ಮೇಲೆ ಭತ್ತ, ಜೋಳ, ಎಮ್ಮೆ, ಬಾಣಂತನ! ಕೊನೆಗೂ ಪುರುಸೊತ್ತು ಸಿಕ್ಕಿತು ಎನ್ನುವಾಗ ಸೊಂಟ ಕೈಕೊಟ್ಟಿತು. ಕೂತು ಪ್ರಯಾಣ ಮಾಡಲಾರರು, ಮಲಗಿಯೇ ಹೋಗಬೇಕು.

"ಹಂಗಾರೆ ಮನೆನೇ ಎಳ್ಕಂಡು ಹೋಗಾನ" ಎಂದರು ಮಾವ. ವೆಲ್ಡಿಂಗ್ ಅಂಗಡಿಯವನನ್ನು ಹಿಡಿದು, ತಮ್ಮ ಪಿಕಪ್ಪಿನ ಹಿಂದೆ ಕಟ್ಟಲು ಎರಡು ಮಂಚ, ಒಲೆ, ಕಿಟಕಿ ಎಲ್ಲ ಇರುವ ಗಾಲಿಮನೆಯೊಂದನ್ನು ಮಾಡಿಸಿದರು.

ಮಾಡಿಸಿದ ಮೇಲೆ ಪಿಕಪ್ಪಿನ ಪುಸ್ತಕ ಓದಿದರು. ಮೊದಲೇ ಓದಬಾರದಿತ್ತೇ? ಈ ಗಾಡಿ ಇಂತಿಷ್ಟೇ ಭಾರ ಎಳೆಯಬೇಕು ಎಂದು ಅದರಲ್ಲಿತ್ತು. ಸರಿ, ಲಾರಿಗಳನ್ನು ತೂಗುವ ವೇಬ್ರಿಜ್ಜಿಗೆ ಒಯ್ದರು. ಜೋಳದ ಲಾರಿಗಳ ಸಾಲಿನಲ್ಲಿ ನಮ್ಮ ಗಾಲಿಮನೆ!

"ಏನ್ ಮಾಲು ಯಜಮಾನ್ರೆ?" ಎಂದ ತೂಗುವವನು.

"ಸಂಸಾರ" ಎಂದರು ಮಾವ. ಸಂಸಾರ ಮಿತಿ ಮೀರಿತ್ತು.

"ಸ್ವಲ್ಪ ಹೆಚ್ಚಾದ್ರೆ ಏನಾಗ್ತತಿ ಮಾವ? ನಮ್ಮೂರಾಗೆ ಟ್ರ್ಯಾಕ್ಟರಿಗೆ ಹುಲ್ಲು ಹೇರೋದು ನೋಡಿಲ್ವಾ?" ಎಂದೆ.

"ಎಳೆಯೋದು ದೊಡ್ಡದಲ್ಲಲೇ. ಘಟ್ಟ ಇಳಿಯುವಾಗ ಹಿಂದಿಂದು ಮುಂದಿಂದನ್ನ ನೂಕ್ತತಿ. ಒಳಗೆ ಮಲಗಿರೋದು ಹುಲ್ಲಲ್ಲ, ನಿಮ್ಮತ್ತಿ."

ಜೊತೆಗೆ ಬರಲು ಯಾರು ಯೋಗ್ಯರು ಎಂದು ನೆಂಟರನ್ನು ತೂಗತೊಡಗಿದ್ದು ಆಗಲೇ. ನನ್ನನ್ನು ತೂಗಿ, "ನೀನು ಬಸ್ಸಿಗೆ ಬಾ" ಎಂದರು.

ಒಲೆ, ಮೇಜು, ಕಪಾಟು ಇಳಿಸಿ ತೂಕ ಸರಿಮಾಡಿಕೊಂಡು ಒಂದು ದಿನ ಹೊರಟೇಬಿಟ್ಟರು. ದಾರಿಯಲ್ಲಿ ಕುಪ್ಪಗಡ್ಡೆ. ನಾನು ಬಸ್ಸಿನಲ್ಲಿ ಹೋಗಿ ಅಲ್ಲಿ ಸೇರಿಕೊಂಡೆ. ಮನೆಮಗಳು ತವರಿಗೆ ಬಂದರೆ ಮಡಿಲು ತುಂಬದೆ ಕಳಿಸುತ್ತಾರೆಯೇ? ಅಕ್ಕಿ, ಬೆಲ್ಲ, ಕೊಬ್ಬರಿ ಮಡಿಲಿಗೆ ಬಿದ್ದವು. ಹಿಂದೆಯೇ ಗಾಡಿಗೆ ಅಕ್ಕಿಮೂಟೆ, ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿ ಜಾಡಿ, ಹೊರಲಾರದಷ್ಟು ದೊಡ್ಡ ಹಲಸಿನಹಣ್ಣು! ಮಾವ ಕೊಕ್ಕೆಯ ತಕ್ಕಡಿ ತಂದು ಮಡಿಲಕ್ಕಿಯ ಗಂಟನ್ನೇ ನೇತುಹಾಕಿದರು.

"ಮಡ್ಲಕ್ಕಿ ತೂಗೋ ಗಂಡಸ್ರನ್ನ ಇವತ್ತೇ ನೋಡಿದ್ದು ಮಾರಾಯ್ರೆ" ಎಂದರು ಅತ್ತೆಯ ಅತ್ತಿಗೆ.

"ಜಾಸ್ತಿ ಆಗೇತಿ. ಒಂದಿಷ್ಟು ಇಲ್ಲೇ ಇಳಿಸಾನ?"

ತವರು ಕೊಟ್ಟದ್ದನ್ನು ತವರಿನ ಅಂಗಳದಲ್ಲೇ ಇಳಿಸುವುದೇ? ಅತ್ತೆಯ ಕಣ್ಣು ತುಂಬಿತು. "ಗಾಡಿ ಮನಿಗೆ ತಿರುಗಿಸ್ರಿ" ಎಂದರು. ಸಮುದ್ರ ಅಲ್ಲೇ ಉಳಿಯಿತು, ಹಲಸಿನಹಣ್ಣು ಮನೆಗೆ ಬಂತು. ಓಣಿಯೆಲ್ಲ ತಿಂದರೂ ಮುಗಿಯಲಿಲ್ಲ.

ಆಮೇಲೆ ಅತ್ತೆಗೆ ಕಾಯಿಲೆ ಶುರುವಾಯಿತು. ಊಟ ಸೇರದು. ಕುಪ್ಪಸಗಳು ಸಡಿಲವಾದವು, ಕೈಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮಾವ ಮಾತ್ರ ಗಾಲಿಮನೆಯಿಂದ ಇನ್ನೂ ಸಾಮಾನು ಇಳಿಸುತ್ತಲೇ ಇದ್ದರು. ನೀರಿನ ಟ್ಯಾಂಕು ಹೋಯಿತು, ಕೊನೆಗೆ ಮಾವ ತಾವು ಮಲಗಬೇಕಿದ್ದ ಮಂಚವೂ ಹೋಯಿತು!

"ಈಗ ಮಿತಿಗಿಂತ ಎಷ್ಟೋ ಕಮ್ಮಿ ಐತಲ್ಲ ಮಾವ, ಇನ್ನೂ ಯಾಕೆ?" ಎಂದು ನಗುತ್ತ ಕೇಳಿದೆ.

"ಆಕಿಗೆ ಜಾಗ ಬಿಟ್ಟೀನಲೇ. ಮೊದ್ಲಿನಂಗೆ ಮೈ ತುಂಬ್ಕಳ್ಳಿ, ಆಮ್ಯಾಲೆ ಹೊರಡಾನ. ಆಗ ಗಾಡಿ ತಡಿಬೇಕಲ್ಲ."

ನನಗೆ ಮುಂದೆ ನಗಲಾಗಲಿಲ್ಲ.

ಮೊನ್ನೆ ಬೆಳಿಗ್ಗೆ ಮಾವ ಅತ್ತೆಯ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಬಡಿಸಲು ಹೋದರು. ಅತ್ತೆ ಅವರ ಕೈ ಹಿಡಿದುಕೊಂಡರು.

"ರೀ, ನಾನು ತೂಕ ಬರೋತನಕ ಕಾಯೋದ್ ಬ್ಯಾಡ. ಹಗುರ ಇದ್ದಾಗ್ಲೇ ಕರ್ಕಂಡು ಹೋಗ್ರಿ."

ಮಾವ ಚಮಚ ಕೆಳಗಿಟ್ಟರು. ಬಗ್ಗಿ ಅತ್ತೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡರು. ಆಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಗಾಲಿಮನೆಯಲ್ಲಿ ಮಲಗಿಸಿ, ಹೊದಿಸಿ, ಕೊಂಡಿ ಸಿಕ್ಕಿಸಿ, ಪಿಕಪ್ ಹತ್ತಿದರು.

"ಮಾವ, ವೇಬ್ರಿಜ್ ಆ ಕಡೆ ಐತಿ!" ಎಂದು ಅಭ್ಯಾಸಬಲದಿಂದ ಕೂಗಿದೆ.

ಅವರು ತಿರುಗಿಯೂ ನೋಡದೆ ಸೊರಬದ ರಸ್ತೆ ಹಿಡಿದರು.