ಬಡತನ ತೋರಿಸುವ ದಿನ

ಬಜೆಟ್ಟಿನಲ್ಲಿ ದುಡ್ಡಿಲ್ಲವೆಂದು ಸರ್ಕಾರವು ಊರಿನ ಕಾಲೇಜಿನ ಸಂಜೆ ವಿಜ್ಞಾನ ವಿಭಾಗದ ಅನುದಾನವನ್ನು ನಿಲ್ಲಿಸಿತು. ಹಗಲೆಲ್ಲ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಸಂಜೆ ಓದುತ್ತಿದ್ದ ಹುಡುಗಿಯರಿಗೆ ಊರಿನಲ್ಲಿ ಬೇರೆ ಸಂಜೆ ಕಾಲೇಜು ಇರಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು ಆ ಹುಡುಗಿಯರನ್ನು ಕರೆದುಕೊಂಡು ಬಸ್ ನಿಲ್ದಾಣದಲ್ಲಿ, ಕಾರ್ಖಾನೆಯ ಗೇಟಿನಲ್ಲಿ ನಿಂತು ಸಹಿ ಸಂಗ್ರಹಿಸಿದರು. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಕೊನೆಗೆ ಸರ್ಕಾರ, ಕಾಲೇಜಿನ ಸ್ಥಿತಿಯನ್ನು ಕಣ್ಣಾರೆ ನೋಡಿ ಬರಲು ಒಂದು ಸಮಿತಿಯನ್ನು ಕಳಿಸಲು ಒಪ್ಪಿತು. ಸಮಿತಿ ಮನಸ್ಸು ಮಾಡಿದರೆ ಸಂಜೆ ವಿಭಾಗ ಉಳಿಯುತ್ತಿತ್ತು.

“ಏನನ್ನೂ ಮುಚ್ಚಿಡಬೇಡಿ. ಇದ್ದದ್ದು ಇದ್ದ ಹಾಗೇ ಕಾಣ್ಲಿ,” ಎಂದು ಮೇಷ್ಟ್ರು ಎಲ್ಲರನ್ನೂ ಬೇಡಿಕೊಂಡಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಆದರೆ ತಪಾಸಣೆಯೆಂದರೆ ಸಾಕು, ಪಕ್ಕದ ಖಾಸಗಿ ಕಾಲೇಜಿನಿಂದ ಸಾಮಾನು ಎರವಲು ತಂದು ಸಿಂಗರಿಸಿಕೊಳ್ಳುವುದು ಆ ಕಾಲೇಜಿನ ರಕ್ತದಲ್ಲೇ ಇತ್ತು.

ಸಮಿತಿ ಬರುವ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದ ಮೇಷ್ಟ್ರು, ತಪ್ಪಿ ಯಾರದೋ ಮನೆಗೆ ನುಗ್ಗಿದವರಂತೆ ನಿಂತುಬಿಟ್ಟರು. ಎರವಲು ಮೈಕ್ರೋಸ್ಕೋಪುಗಳು ಸಾಲಾಗಿ ಕೂತಿದ್ದವು. ಎಂದೋ ಬರಿದಾಗಿದ್ದ ಬಾಟಲಿಗಳಲ್ಲಿ ನೀಲಿ, ಕೆಂಪು, ಹಸಿರು ದ್ರವ ತುಂಬಿತ್ತು.

“ಏನಪ್ಪಾ ಇದು?” ಎಂದು ಅಟೆಂಡರನ್ನು ಕೇಳಿದರು.

“ಬಣ್ಣದ ನೀರು ಸಾರ್. ಖಾಲಿ ಬಾಟ್ಲಿ ಇಟ್ರೆ ದೊಡ್ಡೋರು ಏನಂದ್ಕೋತಾರೆ?”

“ಏನಂದ್ಕೋಬೇಕೋ ಅದನ್ನೇ ಅಂದ್ಕೊಳ್ಲಿ ಅಂತ ತಾನೇ ಅವರನ್ನ ಕರೆಸಿರೋದು?”

“ನೀವು ಹೊಸಬ್ರು ಸಾರ್, ನಿಮಗೆ ಗೊತ್ತಾಗಲ್ಲ,” ಎಂದ ಅಟೆಂಡರ್. ಮೇಷ್ಟ್ರ ತಲೆ ನರೆತದ್ದು ಅದೇ ಪ್ರಯೋಗಾಲಯದಲ್ಲಿ.

ಅವರು ಒಂದು ಬಾಟಲಿ ಚೆಲ್ಲಿದರೆ ಅಟೆಂಡರ್ ಬೆನ್ನ ಹಿಂದೆ ಮತ್ತೆ ತುಂಬಿಸಿದ. ಚಾವಣಿ ಸೋರುವ ಕಡೆ ಬಕೆಟ್ ಇಟ್ಟರೆ ಬಾಟನಿ ಮೇಡಂ ಅದಕ್ಕೆ ಮಣ್ಣು ತುಂಬಿ ಗಿಡ ನೆಟ್ಟರು. ಬಿರುಕುಬಿಟ್ಟ ಗೋಡೆಯ ಮುಂದೆ ಹೊಸ ಪರದೆ ಇಳಿಬಿದ್ದಿತ್ತು. ಅದನ್ನು ಕೀಳಲು ಹೋದಾಗ ಕೈ ತಡೆದವಳು, ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ ಅವರದೇ ವಿದ್ಯಾರ್ಥಿನಿ.

“ಬೇಡಿ ಸಾರ್. ಕಾರ್ಖಾನೆ ತುಂಡುಬಟ್ಟೆ ಜೋಡಿಸಿ ನಾವೇ ಹೊಲಿದಿದ್ದು. ಬೀದೀಲಿ ನಿಂತು ಬೇಡಿದ್ದು ಸಾಕು. ನಮ್ಮ ಕಾಲೇಜಿಗೆ ಬಂದೋರ ಮುಂದೂ ತಲೆ ತಗ್ಗಿಸಿ ನಿಲ್ಬೇಕಾ?”

ಮೇಷ್ಟ್ರ ಕೈ ಕೆಳಗಿಳಿಯಿತು.

ಸಮಿತಿ ಬಂತು. ಅಧ್ಯಕ್ಷರ ಹೊಟ್ಟೆ ಮೊದಲು ಒಳಬಂತು, ಹಿಂದಿನಿಂದ ಅಧ್ಯಕ್ಷರು.

“ದುಡ್ಡಿಲ್ಲ ಅಂತ ಅಳ್ತಿದ್ದೋರು ನೀವೇನಾ?” ಎಂದು ಅವರು ಸುತ್ತಲೂ ನೋಡಿದರು.

“ಸಾರ್, ಈ ಮೈಕ್ರೋಸ್ಕೋಪು ಪಕ್ಕದ ಕಾಲೇಜಿಂದು. ಬಾಟಲೀಲಿರೋದು ಬರೀ ಬಣ್ಣದ ನೀರು,” ಎಂದರು ಮೇಷ್ಟ್ರು.

“ನಮ್ಮ ಮೇಷ್ಟ್ರಿಗೆ ತಮಾಷೆ ಜಾಸ್ತಿ,” ಎಂದು ಪ್ರಿನ್ಸಿಪಾಲರು ಬೆವರೊರೆಸಿಕೊಂಡು ನಕ್ಕರು. ಸಮಿತಿಯೂ ನಕ್ಕಿತು.

ಮೇಷ್ಟ್ರಿಗೆ ಬೇರೆ ದಾರಿ ಕಾಣಲಿಲ್ಲ. ‘ವಿಷ’ ಎಂದು ಚೀಟಿ ಅಂಟಿಸಿದ್ದ ನೀಲಿ ಬಾಟಲಿಯನ್ನೆತ್ತಿ ಗಟಗಟನೆ ಕುಡಿದುಬಿಟ್ಟರು. ಸಮಿತಿಯವರು ಬಾಗಿಲ ಕಡೆ ಸರಿದರು. ಬಾಟನಿ ಮೇಡಂ ಕಣ್ಣು ಮುಚ್ಚಿಕೊಂಡರು.

“ನೋಡಿ, ಸತ್ತಿಲ್ಲ,” ಎಂದರು ಮೇಷ್ಟ್ರು, ನೀಲಿಗಟ್ಟಿದ ನಾಲಿಗೆ ತೋರಿಸಿ. “ಇಲ್ಲಿ ಏನೂ ಇಲ್ಲ ಸಾರ್. ಈ ಮಕ್ಕಳು ನೀರಿಗೆ ನೀರು ಬೆರೆಸಿ ಡಿಗ್ರಿ ತಗೋತಿದಾರೆ.”

ಅಧ್ಯಕ್ಷರು ಬಾಟಲಿಯನ್ನು ಮೂಸಿದರು. ಬೆಳಕಿಗೆ ಹಿಡಿದರು. ಅವರ ಮುಖ ನಿಧಾನವಾಗಿ ಅರಳಿತು.

“ಖರ್ಚಿಲ್ಲ, ಅಪಾಯ ಇಲ್ಲ, ಬಾಯಾರಿದ್ರೆ ಕುಡೀಲೂಬಹುದು,” ಎಂದರು. “ಅನುದಾನ ನಿಲ್ಲಿಸಿದ್ದಕ್ಕೇ ನಿಮಗೆ ಇಂಥ ಬುದ್ಧಿ ಹೊಳೆದಿರೋದು. ಎಲ್ಲಾ ಕಾಲೇಜಿಗೂ ಇದೇ ಮಾದರಿ ಆಗ್ಲಿ. ಇಲ್ಲಿ ಹಗಲಿನ ವಿಭಾಗಕ್ಕೂ ಇನ್ಮೇಲೆ ಅನುದಾನ ಬೇಡ. ಬರ್ಕೊಳ್ರಿ.”

ಗಿಡಕ್ಕೆ ನೀರು ಹಾಕುತ್ತಿದ್ದ ಬಾಟನಿ ಮೇಡಂ ಕೈಯಿಂದ ಮಗ್ಗು ಜಾರಿತು. ಅವರು ಪಾಠ ಮಾಡುತ್ತಿದ್ದುದು ಹಗಲಿನ ವಿಭಾಗಕ್ಕೆ.

ಅಧ್ಯಕ್ಷರು ಮಾತು ಮುಗಿಸಿದರೆಂದು ಪ್ರಿನ್ಸಿಪಾಲರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ಅರ್ಥವಾಯಿತು. ಆದರೂ ನಿಲ್ಲಿಸಲು ಧೈರ್ಯ ಬರಲಿಲ್ಲ. ಹುಡುಗಿಯರು ಪರದೆಯ ಪಕ್ಕದಲ್ಲಿ ಗೊಂಬೆಗಳಂತೆ ನಿಂತಿದ್ದರು. ಸ್ವಾಗತಕ್ಕೆಂದು ತರಿಸಿದ್ದ ಮೈಕನ್ನು ಪ್ರಿನ್ಸಿಪಾಲರು ಮೇಷ್ಟ್ರ ಕೈಗೆ ತುರುಕಿದರು.

“ಅಧ್ಯಕ್ಷರಿಗೆ ವಂದನೆ ಹೇಳಿ, ಬೇಗ. ನಗ್ತಾ ಹೇಳಿ.”

ಮೈಕು ಚಾಲೂ ಇತ್ತು.

“ಹೇಳಲ್ಲ ಸಾರ್,” ಎಂದರು ಮೇಷ್ಟ್ರು.